ಭುಜ ಖಾಲಿ ಇದ್ದರೆ ಸೈನಿಕ ಅಲ್ಲ ಅಂತ ಅರ್ಥವೇ?

ಪ್ರಶ್ನೆ: ಸರ್, ನಮ್ಮದು ಕಲಬುರಗಿ ಜಿಲ್ಲೆ. ನನ್ನ ಅಕ್ಕನ ಮಗ ದುಬೈನಲ್ಲಿ ಗೋದಾಮಿನ ಕೆಲಸದಲ್ಲಿದ್ದಾನೆ. ಅಲ್ಲಿನ ಒಬ್ಬ ಏಜೆಂಟ್ ರಷ್ಯಾದಲ್ಲಿ ಆರ್ಮಿ ಹೆಲ್ಪರ್ ಕೆಲಸ ಇದೆ ಅಂತ ಗಂಟುಬಿದ್ದಿದ್ದಾನೆ. ಅಡುಗೆ ಮತ್ತು ಲೋಡಿಂಗ್ ಕೆಲಸ ಅಷ್ಟೇ, ಬಂದೂಕು ಮುಟ್ಟೋದೇ ಬೇಡ, ಒಂದು ವರ್ಷಕ್ಕೆ ವಾಪಸ್ ಅಂತಾನೆ. ಮೊದಲೇ ಹೋಗಿರುವ ಒಬ್ಬ ಹುಡುಗನ ಫೋಟೊ ಕಳಿಸಿದ್ದಾನೆ. ಮೈಮೇಲೆ ಸೈನ್ಯದ ಬಟ್ಟೆ ಇದೆ, ಆದರೆ ಭುಜದ ಮೇಲೆ ನಕ್ಷತ್ರವೂ ಇಲ್ಲ, ಗೆರೆಯೂ ಇಲ್ಲ. "ನೋಡಿ, ರ‍್ಯಾಂಕೇ ಇಲ್ಲ. ಸೈನಿಕನಾಗಿದ್ದರೆ ಇರ್ತಿರಲಿಲ್ವಾ?" ಅಂತ ಏಜೆಂಟ್ ಕೇಳುತ್ತಾನೆ. ಆ ಹುಡುಗನ ಕಾಗದದಲ್ಲಿ 'ರ್ಯಾದವೊಯ್' ಅಂತ ಬರೆದಿದೆಯಂತೆ. ಅದು ಹೆಲ್ಪರ್‌ಗೆ ಅಲ್ಲಿನವರು ಹೇಳೋ ಹೆಸರಂತೆ. ಅವನು ಪ್ರಮಾಣವಚನವನ್ನೂ ತೆಗೆದುಕೊಂಡಿಲ್ಲವಂತೆ. ನಮ್ಮ ಹುಡುಗ ಅರ್ಧ ಒಪ್ಪಿಬಿಟ್ಟಿದ್ದಾನೆ. ಅಕ್ಕನಿಗೆ ನಿದ್ದೆ ಇಲ್ಲ. ಏನು ಹೇಳಲಿ?

ಉತ್ತರ: ಮೊದಲು ಅಕ್ಕನಿಗೆ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಹುಡುಗ ಇನ್ನೂ ದುಬೈನಲ್ಲಿದ್ದಾನೆ, ಯಾವ ಕಾಗದಕ್ಕೂ ಸಹಿ ಹಾಕಿಲ್ಲ ಅಲ್ವಾ? ಹಾಗಿದ್ದರೆ ಎಲ್ಲವೂ ಇನ್ನೂ ನಿಮ್ಮ ಕೈಯಲ್ಲೇ ಇದೆ. ಸಹಿ ಹಾಕಲು ಬಿಡಬೇಡಿ. ಏಜೆಂಟ್ ತೋರಿಸಿದ ಮೂರು ಪುರಾವೆಗಳೂ ಅವನ ಮಾತಿಗೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತವೆ. ಖಾಲಿ ಭುಜ, ಆ ರಷ್ಯನ್ ಪದ, ಪ್ರಮಾಣವಚನ ಇಲ್ಲದಿರುವುದು, ಈ ಮೂರೂ ಸೇರಿ ಹೇಳುವುದು ಒಂದೇ: ಫೋಟೊದಲ್ಲಿರುವ ಹುಡುಗ ರಷ್ಯಾ ಸೇನೆಯ ಸೈನಿಕ.

ನಾನು ನಮ್ಮ ಸೇನೆಯಲ್ಲಿ ರಷ್ಯನ್ ದುಭಾಷಿಯಾಗಿದ್ದವನು. ನಿವೃತ್ತಿಯಾದ ಮೇಲೆ ರಷ್ಯನ್ ಕಾಗದಪತ್ರಗಳ ಅನುವಾದ ಮಾಡುತ್ತಿದ್ದೇನೆ. 2024ರಿಂದ ಈಚೆಗೆ ಇಂಥ ಕಾಗದ ಹಿಡಿದುಕೊಂಡು ಬರುವ ಮನೆಯವರು ಜಾಸ್ತಿ ಆಗಿದ್ದಾರೆ. ಹೆಚ್ಚಿನವರು ಬರುವುದು ಸಹಿ ಆದ ಮೇಲೆ. ನೀವು ಮೊದಲೇ ಕೇಳಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಭುಜದ ವಿಷಯ ಮೊದಲು ನೋಡೋಣ. ರಷ್ಯಾದ ಸೇನೆಯಲ್ಲಿ ರ‍್ಯಾಂಕ್ ಕಾಣುವುದು ಭುಜಪಟ್ಟಿಯ ಮೇಲೆ. ಅದಕ್ಕೆ ಅಲ್ಲಿ ಪಗೋನಿ ಎನ್ನುತ್ತಾರೆ. ಅತಿ ಕೆಳಗಿನ ರ‍್ಯಾಂಕ್ ರ್ಯಾದವೊಯ್. ಅದಕ್ಕೆ ಗೊತ್ತುಮಾಡಿದ ಗುರುತು ಏನೂ ಇಲ್ಲದ ಬರಿ ಭುಜಪಟ್ಟಿ. ಗುರುತು ಕೊಡುವುದನ್ನು ಮರೆತದ್ದಲ್ಲ, ಬಾಕಿ ಇಟ್ಟದ್ದೂ ಅಲ್ಲ. ನಿಯಮ ಇರುವುದೇ ಹಾಗೆ. ಮೇಲಿನ ರ‍್ಯಾಂಕ್ ಯೆಫ್ರೇತರ್, ಅವನಿಗೆ ಒಂದು ಸಣ್ಣ ಅಡ್ಡಗೆರೆ. ಕಿರಿಯ ಸಾರ್ಜೆಂಟಿಗೆ ಎರಡು, ಸಾರ್ಜೆಂಟಿಗೆ ಮೂರು, ಹಿರಿಯ ಸಾರ್ಜೆಂಟಿಗೆ ಒಂದು ಅಗಲವಾದ ಗೆರೆ. ಸ್ತರ್ಶಿನಾ ಎಂಬವನಿಗೆ ಆ ಅಗಲದ ಗೆರೆ ಭುಜದ ಉದ್ದಕ್ಕೆ ಬರುತ್ತದೆ. ನಕ್ಷತ್ರಗಳು ಶುರುವಾಗುವುದು ಅದಕ್ಕೂ ಮೇಲೆ, ಪ್ರಾಪರ್ಶಿಕ್ ದರ್ಜೆಯಿಂದ. ಅವನಿಗೆ ಎರಡು ಸಣ್ಣ ನಕ್ಷತ್ರ. ಹಾಗಾಗಿ ಹೊಸದಾಗಿ ಸೇರಿದ ಯಾವ ಸೈನಿಕನ ಭುಜದ ಮೇಲೂ ನಕ್ಷತ್ರ ಹುಡುಕುವಂತಿಲ್ಲ.

ಇದು ರಷ್ಯಾದವರ ವಿಚಿತ್ರ ಪದ್ಧತಿಯೇನಲ್ಲ. ನಮ್ಮ ಸೇನೆಯ ಸಿಪಾಯಿಯನ್ನೇ ನೋಡಿ. ಅವನ ತೋಳಿನ ಮೇಲೂ ಗೆರೆ ಇರುವುದಿಲ್ಲ. ಲ್ಯಾನ್ಸ್ ನಾಯಕ್ ಆದಾಗ ಒಂದು, ನಾಯಕ್ ಆದಾಗ ಎರಡು, ಹವಾಲ್ದಾರ್ ಆದಾಗ ಮೂರು ಬರುತ್ತವೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ತರಬೇತಿ ಮುಗಿಸಿದ ಹುಡುಗನನ್ನು ಸ್ಯಾಪರ್ ಎನ್ನುತ್ತಾರೆ. ಅವನ ತೋಳೂ ಬರಿದೇ. ತೋಳು ಬರಿದು ಅಂತ ಅವನನ್ನು ಯಾರಾದರೂ ಹೆಲ್ಪರ್ ಅನ್ನುತ್ತಾರೆಯೇ?

ಸೋವಿಯತ್ ಕಾಲದಿಂದ ರಷ್ಯಾದ ಸೈನಿಕರ ಬಾಯಲ್ಲಿ ಓಡಾಡುವ ಒಂದು ಮಾತಿದೆ: "ಚೀಸ್ತಿಯೆ ಪಗೋನಿ, ಚೀಸ್ತಯ ಸೋವೆಸ್ತ್." ಭುಜಪಟ್ಟಿ ಶುಭ್ರವಾಗಿದ್ದರೆ ಮನಸ್ಸಾಕ್ಷಿಯೂ ಶುಭ್ರ ಅಂತ. ಗೆರೆಗಾಗಿ ಮೇಲಿನವರ ಹಿಂದೆ ಓಡಾಡದೆ, ಸೇವೆ ಮುಗಿಯುವ ತನಕ ರ್ಯಾದವೊಯ್ ಆಗಿಯೇ ಉಳಿದವನ ಹೆಮ್ಮೆ ಆ ಮಾತಿನಲ್ಲಿದೆ. ಖಾಲಿ ಭುಜ ಅಲ್ಲಿ ಎಷ್ಟು ಮಾಮೂಲಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದರ ಹಿಂದೆ ಒಂದು ಇತಿಹಾಸವೂ ಇದೆ. ಝಾರ್ ಕಾಲದ ಕಾಲಾಳುಪಡೆಯಲ್ಲೂ ಸಾಮಾನ್ಯ ಸೈನಿಕ ರ್ಯಾದವೊಯ್ ಆಗಿದ್ದ. ಫಿರಂಗಿದಳದಲ್ಲಿ ಅವನನ್ನು ಕನನೀರ್ ಎನ್ನುತ್ತಿದ್ದರು, ಕೊಸಾಕ್ ಪಡೆಗಳಲ್ಲಿ ಕಜಾಕ್. ಕ್ರಾಂತಿ ಆದ ಮೇಲೆ, 1917ರ ಡಿಸೆಂಬರಿನಲ್ಲಿ, ಬೋಲ್ಷೆವಿಕ್ ಸರ್ಕಾರ ಎಲ್ಲಾ ರ‍್ಯಾಂಕ್‌ಗಳನ್ನೂ ಭುಜಪಟ್ಟಿಗಳನ್ನೂ ರದ್ದು ಮಾಡಿತು. ಭುಜಪಟ್ಟಿ ಎಂದರೆ ಹಳೆಯ ಅಧಿಕಾರಿಗಳ ದರ್ಪ ಎಂಬ ಸಿಟ್ಟು ಜನರಲ್ಲಿ ಅಷ್ಟಿತ್ತು. ಅಂತರ್ಯುದ್ಧದಲ್ಲಿ ಎದುರಾಳಿ ಬಿಳಿಯ ಸೇನೆಯವರನ್ನು ಬೋಲ್ಷೆವಿಕ್‌ಗಳ ಕೆಂಪು ಸೇನೆಯವರು ಚಿನ್ನದ ಭುಜಪಟ್ಟಿಯವರು ಎಂದೇ ಹಳಿಯುತ್ತಿದ್ದರು. 1935ರಲ್ಲಿ ರ‍್ಯಾಂಕ್‌ಗಳು ಮರಳಿ ಬಂದರೂ ಗುರುತು ಇದ್ದದ್ದು ಕಾಲರ್ ಮೇಲೆ. ಸಾರ್ಜೆಂಟರ ಮಟ್ಟದವರಿಗೆ ತ್ರಿಕೋನ, ಕಿರಿಯ ಅಧಿಕಾರಿಗಳಿಗೆ ಚೌಕ, ಹೀಗೆ. ಕೆಳಗಿನವನನ್ನು ಆಗ ಕ್ರಸ್ನಆರ್ಮೇಯೆತ್ಸ್, ಅಂದರೆ ಕೆಂಪು ಸೇನೆಯವನು ಎನ್ನುತ್ತಿದ್ದರು. ಅವನ ಕಾಲರಿನಲ್ಲೂ ರ‍್ಯಾಂಕಿನ ಗುರುತು ಇರಲಿಲ್ಲ. ಸ್ಟಾಲಿನ್‌ಗ್ರಾಡ್ ಕದನ ಇನ್ನೂ ನಡೆಯುತ್ತಿದ್ದ 1943ರ ಜನವರಿಯಲ್ಲಿ ಸ್ಟಾಲಿನ್ ಸರ್ಕಾರ ಭುಜಪಟ್ಟಿಯನ್ನು ವಾಪಸ್ ತಂದಿತು. 1946ರಲ್ಲಿ ಕೆಂಪು ಸೇನೆಯ ಹೆಸರು ಸೋವಿಯತ್ ಸೇನೆ ಎಂದಾಯಿತು. ಕೆಳಗಿನ ರ‍್ಯಾಂಕಿಗೆ ರ್ಯಾದವೊಯ್ ಎಂಬ ಹಳೆಯ ಹೆಸರೇ ಮರಳಿತು. ಇಷ್ಟೆಲ್ಲಾ ಅದಲುಬದಲು ಆದರೂ ಒಂದು ಮಾತ್ರ ಬದಲಾಗಲಿಲ್ಲ. ಕೆಳಗಿನವನಿಗೆ ಗೆರೆಯಿಲ್ಲ.

ಹಳೆಯ ಫೋಟೊಗಳ ಜೊತೆ ಹೋಲಿಸಿ ನೋಡುವವರಿಗೆ ಒಂದು ಮಾತು. 1994ರ ಸಮವಸ್ತ್ರದಲ್ಲಿ ಅಡ್ಡಗೆರೆಗಳ ಬದಲು ಲೋಹದ ಕೋನಗಳು ಬಂದಿದ್ದವು. 2010ರ ಹೊತ್ತಿಗೆ ಮತ್ತೆ ಗೆರೆಗಳೇ ಬಂದವು. ಕೆಲವು ಭುಜಪಟ್ಟಿಗಳ ಮೇಲೆ ಹೊಳೆಯುವ ಅಕ್ಷರಗಳು ಕಾಣುತ್ತವೆ. ನಮ್ಮ ಕಣ್ಣಿಗೆ ಅವು ಇಂಗ್ಲಿಷಿನ 'ಬಿ' ಮತ್ತು 'ಸಿ' ಥರ ಕಾಣುತ್ತವೆ. ಅದು ಸಶಸ್ತ್ರ ಪಡೆ ಎಂಬುದರ ಚುಟುಕು ರೂಪ, ರ‍್ಯಾಂಕ್ ಅಲ್ಲ. ನೌಕಾಪಡೆಯಲ್ಲಿ ರ್ಯಾದವೊಯ್‌ಗೆ ಸಮನಾದವನು ಮತ್ರೋಸ್. ಅವನದು ಕಪ್ಪು ಭುಜಪಟ್ಟಿ, ಅದರ ಮೇಲೆ ವೃತ್ತದ ನಡುವೆ ಉದ್ದ ಗೀಟು ಎಳೆದಂಥ ಒಂದು ಅಕ್ಷರ. ಅದೂ ನೌಕಾಪಡೆಯ ಗುರುತಷ್ಟೇ. ಕಾಗದದಲ್ಲಿ ರ‍್ಯಾಂಕಿನ ಮುಂದೆ 'ಗ್ವಾರ್ದಿಯಿ' ಎಂದಿದ್ದರೆ ಆ ತುಕಡಿಗೆ ಗಾರ್ಡ್ಸ್ ಎಂಬ ಗೌರವ ಇದೆ ಎಂದರ್ಥ. ಕಾವಲುಗಾರನ ಕೆಲಸ ಅಂತ ತಿಳಿಯಬೇಡಿ. ಸೆಕ್ಯೂರಿಟಿ ಗಾರ್ಡ್ ಕೆಲಸ ಎಂದು ನಂಬಿಸಿ ಕರೆದುಕೊಂಡು ಹೋದ ಏಜೆಂಟರೂ ಇದ್ದಾರೆ, ಅದಕ್ಕೇ ಹೇಳಿದೆ.

ಈಗ ನೀವು ಕಳಿಸಿದ ಫೋಟೊ. ಅದು ಯುದ್ಧಭೂಮಿಯ ಸಮವಸ್ತ್ರ. ಅಲ್ಲಿ ರ‍್ಯಾಂಕಿನ ಗುರುತು ಎದೆಯ ಮೇಲೆ ಅಥವಾ ಭುಜದ ಮೇಲೆ ಮಂಕು ಬಣ್ಣದ ಸಣ್ಣ ತುಂಡಾಗಿ ಇರುತ್ತದೆ. ರಣರಂಗಕ್ಕೆ ಹೋದಾಗ ಅಧಿಕಾರಿಗಳೇ ಎಷ್ಟೋ ಸಲ ಅದನ್ನು ತೆಗೆದಿಡುತ್ತಾರೆ. ಎದುರಾಳಿಯ ಸ್ನೈಪರ್ ಮೊದಲು ಹುಡುಕುವುದು ಅಧಿಕಾರಿಯನ್ನೇ ಅಲ್ವಾ? ಹಾಗಾಗಿ ಗುರುತಿಲ್ಲದ ಸಮವಸ್ತ್ರದಲ್ಲಿ ಇರುವವನು ರ್ಯಾದವೊಯ್ ಆಗಿರಬಹುದು, ಗುರುತು ತೆಗೆದ ಕ್ಯಾಪ್ಟನ್ ಕೂಡ ಆಗಿರಬಹುದು. ಆದರೆ ಅವನು ನಾಗರಿಕ ಕೆಲಸಗಾರ ಎಂದು ಹೇಳಲು ಆ ಫೋಟೊದಲ್ಲಿ ಏನೂ ಇಲ್ಲ. ಅವನ ತೋಳಿಗೆ ಸುತ್ತಿರುವ ಬಿಳಿ ಟೇಪ್ ಗಮನಿಸಿದಿರಾ? ಉಕ್ರೇನ್ ಜೊತೆಗಿನ ಈ ಯುದ್ಧದಲ್ಲಿ ತಮ್ಮವರು ಯಾರು ಎಂದು ತಿಳಿಯಲು ರಷ್ಯಾದ ಸೈನಿಕರು ತೋಳಿಗೂ ಕಾಲಿಗೂ ಬಿಳಿ ಅಥವಾ ಕೆಂಪು ಟೇಪ್ ಸುತ್ತುತ್ತಾರೆ. ಹಿಂದೆ ಎಲ್ಲೋ ಗೋದಾಮಿನಲ್ಲಿ ಮೂಟೆ ಹೊರುವವನಿಗೆ ಅದು ಯಾಕೆ ಬೇಕು?

ಪ್ರಮಾಣವಚನದ ಮಾತು ಅರ್ಧ ನಿಜ. ಅದಕ್ಕೇ ಅದು ಜಾಸ್ತಿ ಅಪಾಯಕಾರಿ. ಸೇನೆಗೆ ಸೇರುವ ರಷ್ಯಾದ ಪ್ರಜೆ ಪ್ರಮಾಣ ಮಾಡುತ್ತಾನೆ. ವಿದೇಶಿಯರಿಂದ ಅದನ್ನು ಮಾಡಿಸುವುದಿಲ್ಲ. ಅದರ ಬದಲು ಸೇನೆಯ ನಿಯಮಗಳನ್ನೂ ಕಮಾಂಡರನ ಆಜ್ಞೆಗಳನ್ನೂ ಪಾಲಿಸುತ್ತೇನೆ ಎಂಬ ಮುಚ್ಚಳಿಕೆ ಕೊಡಿಸುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅವನೂ ಸೈನಿಕನೇ. ರ್ಯಾದವೊಯ್ ಎಂಬ ರ‍್ಯಾಂಕ್ ಸಿಗಲು ಪರೀಕ್ಷೆ, ಪೆರೇಡು ಯಾವುದೂ ಬೇಕಿಲ್ಲ. ಕರಾರಿನ ಮೇಲೆ ಸೇರಿದ ವಿದೇಶಿಯ ಹೆಸರು ತುಕಡಿಯ ಪಟ್ಟಿಗೆ ಏರಿದ ಕೂಡಲೇ ಆ ರ‍್ಯಾಂಕ್ ಅವನ ಹೆಗಲೇರುತ್ತದೆ. ಅವನಿಗೆ ಅದು ಗೊತ್ತೇ ಆಗದಿರಬಹುದು.

ಇನ್ನು ಅಡುಗೆ ಕೆಲಸ. ಸೇನೆಯಲ್ಲಿ ರ‍್ಯಾಂಕ್ ಬೇರೆ, ಕೆಲಸ ಬೇರೆ. ರ್ಯಾದವೊಯ್ ಆದವನು ಅಡುಗೆ ಮಾಡಬಹುದು, ಲಾರಿ ಓಡಿಸಬಹುದು, ಗಾಯಾಳುಗಳನ್ನು ಹೊರಬಹುದು, ಬಂದೂಕು ಹಿಡಿದು ಕಂದಕದಲ್ಲೂ ಕೂರಬಹುದು. ಇವತ್ತು ಸೌಟು ಕೊಟ್ಟ ಕಮಾಂಡರ್ ನಾಳೆ ಬಂದೂಕು ಕೊಟ್ಟರೆ ಬೇಡ ಅನ್ನುವಂತಿಲ್ಲ. ಏಜೆಂಟ್ ನಿಜವಾಗಿಯೂ ಅಡುಗೆ ಕೆಲಸವನ್ನೇ ಮನಸ್ಸಿನಲ್ಲಿಟ್ಟು ಹೇಳಿರಬಹುದು ಅಂತಲೇ ಇಟ್ಟುಕೊಳ್ಳಿ. ಆದರೂ ಅವನ ಮಾತಿಗೆ ಅಲ್ಲಿ ಬೆಲೆ ಇಲ್ಲ. ಕೆಲಸ ಹಂಚುವವನು ಅವನಲ್ಲ.

ರಷ್ಯಾದ ರಕ್ಷಣಾ ಇಲಾಖೆಯಲ್ಲಿ ನಿಜವಾದ ನಾಗರಿಕ ನೌಕರರೂ ಇದ್ದಾರೆ. ಅವರಿಗೂ ಸೈನಿಕರಿಗೂ ಇರುವ ವ್ಯತ್ಯಾಸ ತಿಳಿಯುವುದು ಬಟ್ಟೆಯಿಂದಲ್ಲ, ಕಾಗದದ ತಲೆಬರಹದಿಂದ. ನಾಗರಿಕ ನೌಕರನ ಕಾಗದ 'ತ್ರುದವೊಯ್ ದಗವೋರ್', ಅದು ಕಾರ್ಮಿಕ ಕಾನೂನಿನ ಕೆಳಗೆ ಬರುತ್ತದೆ, ರಾಜೀನಾಮೆ ಕೊಟ್ಟು ಹೊರಬರಬಹುದು. ಸೈನಿಕನದು 'ಕಂತ್ರಾಕ್ತ್', ಅದರ ಜೊತೆಯಲ್ಲೇ 'ವಯೆನ್ನಯ ಸ್ಲೂಜ್ಬ' ಎಂಬ ಪದಗಳು ಯಾವುದಾದರೊಂದು ರೂಪದಲ್ಲಿ ಇರುತ್ತವೆ, ಅಂದರೆ ಮಿಲಿಟರಿ ಸೇವೆ. ಈ ಎರಡು ಪದ, ರ್ಯಾದವೊಯ್ ಎಂಬ ರ‍್ಯಾಂಕ್, ಇವುಗಳಲ್ಲಿ ಒಂದು ಕಂಡರೂ ಅದು ಹೆಲ್ಪರ್ ಕೆಲಸದ ಕಾಗದ ಅಲ್ಲ. ಇನ್ನೊಂದು ಸುಳಿವು ಹಣ. ಸೇರುವಾಗಲೇ ದೊಡ್ಡ ಗಂಟು ಸಿಗುತ್ತದೆ ಎನ್ನುತ್ತಿದ್ದರೆ ಹುಷಾರಾಗಿ. 2024ರ ಆಗಸ್ಟಿನಿಂದ ರಷ್ಯಾದ ಕೇಂದ್ರ ಸರ್ಕಾರ ಯುದ್ಧಕ್ಕೆ ಕರಾರು ಮಾಡಿಕೊಳ್ಳುವ ಸೈನಿಕನಿಗೆ ಒಂದೇ ಸಲಕ್ಕೆ 4 ಲಕ್ಷ ರೂಬಲ್ ಗೊತ್ತುಮಾಡಿತು. ಅನ್ನ ಬೇಯಿಸುವವನಿಗೆ ಯಾವ ಸರ್ಕಾರವೂ ಸುಮ್ನೆ ಅಷ್ಟು ಹಣ ಕೊಡುವುದಿಲ್ಲ. ರಷ್ಯಾದ ಪೌರತ್ವದ ಆಸೆ ತೋರಿಸಿದರೂ ಹಾಗೆಯೇ. 2024ರ ಜನವರಿಯ ಆದೇಶದಂತೆ ಆ ದಾರಿ ತೆರೆದಿರುವುದು ಕನಿಷ್ಠ ಒಂದು ವರ್ಷದ ಸೇನಾ ಕರಾರು ಮಾಡಿಕೊಂಡ ವಿದೇಶಿಯರಿಗೆ.

ಒಂದು ವರ್ಷಕ್ಕೆ ವಾಪಸ್ ಎಂಬ ಮಾತಿದೆಯಲ್ಲ, ಇಡೀ ಪ್ರಸ್ತಾಪದಲ್ಲಿ ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು ಅದು. ಕಾಗದದಲ್ಲಿ ಒಂದು ವರ್ಷ ಎಂದು ನಿಜವಾಗಿಯೂ ಬರೆದಿರುತ್ತದೆ. ನಮ್ಮ ಹುಡುಗರು ಅದನ್ನು ನೋಡಿ ದಿನ ಎಣಿಸುತ್ತಾರೆ. ಆದರೆ 2022ರ ಸೆಪ್ಟೆಂಬರ್ 21ರಂದು ಪುಟಿನ್ ಹೊರಡಿಸಿದ ಭಾಗಶಃ ಸೇನಾ ಜಮಾವಣೆಯ, ಅಂದರೆ ಮೀಸಲು ಸೈನಿಕರನ್ನು ಸೇನೆಗೆ ಕರೆಸಿಕೊಳ್ಳುವ, ಆದೇಶದಲ್ಲಿ ಒಂದು ಅಂಶ ಇದೆ. ಜಮಾವಣೆಯ ಅವಧಿ ಮುಗಿಯುವ ತನಕ ಸೈನಿಕರ ಕರಾರುಗಳು ಮುಂದುವರಿಯುತ್ತವೆ. ಬಿಡುಗಡೆ ಆಗಬೇಕಾದರೆ ವಯಸ್ಸು ಮೀರಿರಬೇಕು, ವೈದ್ಯರ ಮಂಡಳಿ ಅನರ್ಹ ಎನ್ನಬೇಕು, ಇಲ್ಲವೇ ಕೋರ್ಟು ಜೈಲು ಶಿಕ್ಷೆ ಕೊಟ್ಟಿರಬೇಕು. ಹೆಚ್ಚುಕಡಿಮೆ ಇಷ್ಟೇ ದಾರಿ. ಅಂದರೆ ಕರಾರಿನಲ್ಲಿ ಬರೆದ ವರ್ಷ ಮುಗಿದರೂ ಸೇವೆ ಮುಗಿಯುವುದಿಲ್ಲ.

ಇವೆಲ್ಲಾ ಕಾಗದದ ಮಾತಲ್ಲ. ನಿಮ್ಮ ಕಲಬುರಗಿಯ ಹುಡುಗರೇ ಹೀಗೆ ಸಿಕ್ಕಿಕೊಂಡಿದ್ದರು. 2024ರ ಸೆಪ್ಟೆಂಬರಿನಲ್ಲಿ ಅವರು ಊರು ಸೇರಿದ್ದು ನಿಮಗೆ ನೆನಪಿರಬಹುದು. ಆ ವರ್ಷದ ಮಾರ್ಚಿನಲ್ಲಿ ಸಿಬಿಐ ಇದನ್ನು ಮಾನವ ಕಳ್ಳಸಾಗಣೆ ಎಂದೇ ಪರಿಗಣಿಸಿ ಹಲವು ಊರುಗಳಲ್ಲಿ ಏಜೆಂಟರ ಮೇಲೆ ದಾಳಿ ಮಾಡಿತು. ಜುಲೈನಲ್ಲಿ ಪ್ರಧಾನಿ ಮೋದಿ ಮಾಸ್ಕೋದಲ್ಲಿ ಈ ವಿಷಯ ಎತ್ತಿದರು. ಭಾರತೀಯರನ್ನು ಸೇರಿಸಿಕೊಳ್ಳುವುದನ್ನು 2024ರ ಏಪ್ರಿಲಿನಿಂದಲೇ ನಿಲ್ಲಿಸಿದ್ದೇವೆ ಎಂದು ರಷ್ಯಾದ ರಾಯಭಾರ ಕಚೇರಿ ಆಗಸ್ಟಿನಲ್ಲಿ ಹೇಳಿತು. ಆದರೂ 2025ರ ಸೆಪ್ಟೆಂಬರಿನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಮತ್ತೆ ಎಚ್ಚರಿಕೆ ಕೊಡಬೇಕಾಯಿತು. 2025ರ ಜನವರಿಯಲ್ಲಿ ಸಚಿವಾಲಯ ಕೊಟ್ಟ ಲೆಕ್ಕ ಇದು: ತಿಳಿದುಬಂದ 126 ಭಾರತೀಯರಲ್ಲಿ 96 ಮಂದಿ ವಾಪಸ್ ಬಂದಿದ್ದರು, 12 ಮಂದಿ ಸತ್ತಿದ್ದರು, 16 ಮಂದಿ ಎಲ್ಲಿದ್ದಾರೆ ಎಂದು ಗೊತ್ತಿರಲಿಲ್ಲ. ಅವರಲ್ಲಿ ಎಷ್ಟೋ ಜನ ಹೆಲ್ಪರ್ ಕೆಲಸ ಅಂತಲೇ ಹೋದವರು.

ಈಗ ನಿಮ್ಮ ಮುಂದಿರುವ ದಾರಿಗಳು.

ಹುಡುಗ ದುಬೈನಲ್ಲೇ ಇರುವಾಗ ಬೇಡ ಎಂದುಬಿಡುವುದು ಎಲ್ಲಕ್ಕಿಂತ ಸುಲಭ. ಏಜೆಂಟ್ ಮುಂಗಡ ತೆಗೆದುಕೊಂಡಿದ್ದರೆ ಆ ಹಣ ಹೋಗಬಹುದು. ಹೋಗಲಿ ಬಿಡಿ. ಸಾಲ ಮಾಡಿ ಕೊಟ್ಟಿದ್ದರೆ ಮನಸ್ಸು ಒಪ್ಪುವುದಿಲ್ಲ, ಗೊತ್ತು. ಹಣ ಹೋಗುತ್ತದೆ ಎಂಬ ಭಯದಲ್ಲೇ ಎಷ್ಟೋ ಹುಡುಗರು ವಿಮಾನ ಹತ್ತಿದ್ದಾರೆ. ಪಾಸ್‌ಪೋರ್ಟ್ ಬೇರೆಯವರ ಕೈಯಲ್ಲಿದ್ದರೆ ದುಬೈನ ಭಾರತೀಯ ಕಾನ್ಸುಲೇಟಿಗೆ ಹೋಗಲಿ. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯ ಕೆಳಗೆ ನೋಂದಣಿ ಆಗಿರಬೇಕು. ಅವನ ಹೆಸರು ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯಲ್ಲೂ ಕೇಳಬಹುದು. ಒಂದು ಮಾತು ಮಾತ್ರ ನೆನಪಿರಲಿ. ನೋಂದಣಿ ಇದೆ ಅಂದ ಮಾತ್ರಕ್ಕೆ ಸೇನೆಯ ಕರಾರು ಸುರಕ್ಷಿತ ಆಗುವುದಿಲ್ಲ.

ನಿಮ್ಮ ಮಾತು ಮೀರಿ ಅವನು ರಷ್ಯಾಕ್ಕೆ ಹೋಗಿಬಿಟ್ಟ, ಇನ್ನೂ ಸಹಿ ಹಾಕಿಲ್ಲ ಎಂದುಕೊಳ್ಳಿ. ಆಗ ಒತ್ತಡ ಬೇರೆ ಥರ ಬರುತ್ತದೆ. ವೀಸಾ ಅವಧಿ ಮುಗಿದಿದೆ, ಸಹಿ ಹಾಕದಿದ್ದರೆ 10 ವರ್ಷ ಜೈಲು ಎಂದು ಹೆದರಿಸಿದ್ದನ್ನು ವಾಪಸ್ ಬಂದವರು ಹೇಳಿದ್ದಾರೆ. ಅದು ಸುಳ್ಳು. ವೀಸಾ ಮೀರಿ ಉಳಿಯುವುದು ರಷ್ಯಾದಲ್ಲಿ ಆಡಳಿತಾತ್ಮಕ ತಪ್ಪು. ಅದಕ್ಕೆ ದಂಡ ಮತ್ತು ಗಡೀಪಾರು. ಸ್ವಲ್ಪ ಕಾಲ ಬಂಧನ ಕೇಂದ್ರದಲ್ಲಿ ಕೂರಬೇಕಾಗಬಹುದು, ಮತ್ತೆ ಆ ದೇಶಕ್ಕೆ ಹೋಗಲು ತಡೆ ಬೀಳಬಹುದು. ಕಷ್ಟ ಹೌದು. ಆದರೆ ಅದು ಮನೆಗೆ ಬರುವ ದಾರಿ. ಮಾಸ್ಕೋದ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ, ಏನೇ ಆದರೂ ಸಹಿ ಹಾಕದಿರಲಿ. ಓದಲು ಬಾರದ ಕಾಗದಕ್ಕಂತೂ ಖಂಡಿತ ಬೇಡ. ಅಲ್ಲಿನ ಅಧಿಕಾರಿಯ ಸಹಿಯೂ ಬಿದ್ದ ದಿನದಿಂದಲೇ ಕರಾರು ಜಾರಿಗೆ ಬರುತ್ತದೆ. ಮನಸ್ಸು ಬದಲಾಯಿಸಲು ಅಂತ ಬಿಡುವು ಕೊಡುವುದಿಲ್ಲ.

ಸಹಿ ಆದ ಮೇಲೆ ಓಡಿಹೋಗು ಎಂದು ದಯವಿಟ್ಟು ಯಾರೂ ಸಲಹೆ ಕೊಡಬೇಡಿ. 2022ರ ಸೆಪ್ಟೆಂಬರಿನಲ್ಲಿ ರಷ್ಯಾ ತನ್ನ ದಂಡ ಸಂಹಿತೆಯನ್ನು ಬಿಗಿ ಮಾಡಿತು. ಜಮಾವಣೆಯ ಕಾಲದಲ್ಲಿ ಅನುಮತಿಯಿಲ್ಲದೆ ಒಂದು ತಿಂಗಳಿಗಿಂತ ಜಾಸ್ತಿ ತುಕಡಿ ಬಿಟ್ಟಿದ್ದರೆ 5ರಿಂದ 10 ವರ್ಷ, ಸೇನೆ ಬಿಟ್ಟೇ ಹೋಗುವ ಉದ್ದೇಶದಿಂದ ಓಡಿದ್ದರೆ 15 ವರ್ಷದ ತನಕ ಶಿಕ್ಷೆ. ವೀಸಾ ವಿಷಯದಲ್ಲಿ ಸುಳ್ಳಾಗಿದ್ದ ಜೈಲಿನ ಬೆದರಿಕೆ ಇಲ್ಲಿ ನಿಜವಾಗುತ್ತದೆ. ಉಳಿಯುವುದು ಸರ್ಕಾರದಿಂದ ಸರ್ಕಾರಕ್ಕೆ ಹೋಗುವ ದಾರಿ ಮಾತ್ರ. ಆ 96 ಮಂದಿಯ ವಿಷಯದಲ್ಲಿ ಭಾರತ ಸರ್ಕಾರ ರಷ್ಯಾದ ಜೊತೆ ಮಾಡಿದ ಕೆಲಸ ಅದೇ. ತಿಂಗಳುಗಳು ಹಿಡಿಯುತ್ತವೆ. ಆ ಸಮಯದಲ್ಲಿ ಹುಡುಗ ಎಲ್ಲಿರುತ್ತಾನೆ ಎಂಬುದು ಅವನ ಕಮಾಂಡರನ ಕೈಯಲ್ಲಿ.

ಕೊನೆಗೆ, ಫೋಟೊದಲ್ಲಿರುವ ಆ ಹುಡುಗ. ಅವನೂ ಯಾರದೋ ಮನೆಮಗ. ಅವನ ಮನೆಯವರೂ ಬಹುಶಃ ಹೆಲ್ಪರ್ ಎಂದೇ ನಂಬಿಕೊಂಡಿರಬಹುದು. ಅವರ ಪರಿಚಯ ಸಿಕ್ಕರೆ ಇಷ್ಟು ತಿಳಿಸಿ. ಯುದ್ಧ ಕೈದಿಗಳ ಬಗೆಗಿನ 1949ರ ಜಿನೀವಾ ಒಪ್ಪಂದದ 17ನೇ ವಿಧಿಯಂತೆ, ಸೆರೆ ಸಿಕ್ಕ ಸೈನಿಕ ಹೇಳಲೇಬೇಕಾದದ್ದು ತನ್ನ ಹೆಸರು, ರ‍್ಯಾಂಕ್, ಹುಟ್ಟಿದ ದಿನ ಮತ್ತು ಸೇನಾ ಸಂಖ್ಯೆ. ಅವನ ರ‍್ಯಾಂಕ್ ರ್ಯಾದವೊಯ್ ಎಂದು ಮನೆಯವರಿಗೂ ಗೊತ್ತಿರಲಿ. ನಾನು ಬರಿ ಕೆಲಸಗಾರ ಎಂದು ಅವನು ಹೇಳಿಕೊಂಡರೆ ಗೊಂದಲ ಜಾಸ್ತಿ ಆಗುತ್ತದೆ. ಸೈನಿಕ ಎಂದು ಗುರುತಾದರೆ ಯುದ್ಧ ಕೈದಿಗೆ ಸಿಗಬೇಕಾದ ರಕ್ಷಣೆ ಸಿಗುತ್ತದೆ. ಕೊರಳಿನ ಲೋಹದ ಬಿಲ್ಲೆಯಲ್ಲಿರುವ ಸಂಖ್ಯೆ, ತುಕಡಿಯ ಸಂಖ್ಯೆ, ಕರಾರಿನ ಎಲ್ಲಾ ಪುಟಗಳ ಫೋಟೊ, ಪಾಸ್‌ಪೋರ್ಟ್ ಪ್ರತಿ, ಕೊನೆಯ ಸಲ ಫೋನ್ ಮಾಡಿದ ದಿನ, ಇಷ್ಟನ್ನೂ ಈಗಲೇ ಸೇರಿಸಿಟ್ಟುಕೊಳ್ಳಲಿ. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಲಿ, ಅದರ ಪ್ರತಿಯನ್ನು ಮಾಸ್ಕೋದ ರಾಯಭಾರ ಕಚೇರಿಗೂ ತಮ್ಮ ಸಂಸದರ ಕಚೇರಿಗೂ ಕಳಿಸಲಿ. ಕರಾರಿನ ಪುಟಗಳನ್ನು ನನಗೆ ಕಳಿಸಿದರೆ ಅದರಲ್ಲಿ ಏನಿದೆ ಎಂದು ಸಾಲು ಸಾಲಾಗಿ ಕನ್ನಡದಲ್ಲಿ ಬರೆದುಕೊಡುತ್ತೇನೆ. ಅದಕ್ಕೆ ಹಣ ಬೇಡ.